ಲಿಲಿಯಾನ್ ತುರಾಂ ನಿವೃತ್ತಿಯ ನಂತರ ಮಕ್ಕಳಿಗಾಗಿ ಏನು ಮಾಡಿದ್ದಾರೆ?

ಫ್ರಾನ್ಸ್ ಫುಟ್‌ಬಾಲ್ ತಂಡದ ರಕ್ಷಣಾ ಆಟಗಾರ ತುರಾಂ ದೇಶಕ್ಕಾಗಿ ಆಡಿದ 142 ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು. 1998ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕ್ರೊವೇಷಿಯಾ ಮೊದಲು ಗೋಲು ಗಳಿಸಿದ ಮೇಲೆ ಬಂದ ಆ ಎರಡು ಗೋಲುಗಳೇ ಫ್ರಾನ್ಸನ್ನು ಫೈನಲ್‌ಗೆ ಒಯ್ದವು. ಹೃದಯದ ದೋಷ ಪತ್ತೆಯಾಗಿ 2008ರಲ್ಲಿ ಆಟ ನಿಲ್ಲಿಸಿದ ಅವರು ಅದೇ ವರ್ಷ, ವರ್ಣಭೇದದ ವಿರುದ್ಧ ಮಕ್ಕಳಿಗೆ ತಿಳಿವಳಿಕೆ ನೀಡುವ ಪ್ರತಿಷ್ಠಾನವನ್ನು ಸ್ಥಾಪಿಸಿದರು.

ಅವರ ಆಟಕ್ಕಿಂತಲೂ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಒಂಬತ್ತನೇ ವಯಸ್ಸಿನಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೋಪ್ ದ್ವೀಪದಿಂದ ಪ್ಯಾರಿಸ್ ಕಡೆಗೆ ಬಂದಾಗ, ಸಹಪಾಠಿಗಳು ಅವರನ್ನು ಟಿವಿ ಕಾರ್ಟೂನಿನ ಕಪ್ಪು ಹಸುವಿನ ಹೆಸರು ಹಿಡಿದು ಕರೆಯುತ್ತಿದ್ದರು. ಯಾರೂ ಹುಟ್ಟಿನಿಂದ ವರ್ಣದ್ವೇಷಿಯಲ್ಲ, ಅದು ಕಲಿತು ಬರುವ ಬುದ್ಧಿ ಎಂಬುದನ್ನೇ ಅವರು ಶಾಲೆಗಳಿಗೆ ಹೋಗಿ ವಿವರಿಸುತ್ತಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳೂ ಮೈಬಣ್ಣಕ್ಕಾಗಿ, ಗುಂಗುರು ಕೂದಲಿಗಾಗಿ ಅಡ್ಡಹೆಸರು ಕೇಳಬೇಕಾಗುವುದುಂಟು. ಶಿರಸಿ ಸುತ್ತಿನ ಶಿಕ್ಷಕರು ಈ ಪಾಠವನ್ನು ಪ್ರಾಥಮಿಕ ತರಗತಿಯಲ್ಲೇ ಆರಂಭಿಸಬಹುದು.