ಒಂದೇ ಪದ್ಯಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳೋದು ಯಾಕೆ?

ನಮ್ಮ ಕಾಸರಗೋಡು ಕಡೆಯವರಿಗೆ ಇದೇನು ಆಶ್ಚರ್ಯ ಅಲ್ಲ ಮಾರಾಯ್ರೆ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಲ್ಲೇ ನಡೆಸೋ ಯಕ್ಷಗಾನ) ನಡೆಯೋದೇ ಇದರ ಮೇಲೆ. ಭಾಗವತರು ಹಾಡೋ ಪದ್ಯ ಪ್ರಸಂಗದ ಪುಸ್ತಕದಲ್ಲಿ ಇದ್ದ ಹಾಗೇ, ಆದ್ರೆ ಮಾತು ಯಾರೂ ಬರೆದಿಟ್ಟಿರೋದಿಲ್ಲ, ಪಾತ್ರದ ಮಾತಾಡೋ ಅರ್ಥಧಾರಿ ಕೂತಲ್ಲೇ ಕಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ರಾಮನ ಹತ್ರ ಕೇಳ್ತಾನಲ್ಲ, ಅಲ್ಲಿ ವಾಲಿಯ ಮಾತಾಡೋ ಒಬ್ಬರು ಲಾಯರ್ ಥರ ರಾಮನನ್ನೇ ಕ್ರಾಸ್ ಮಾಡ್ತಾರೆ, ಇನ್ನೊಬ್ಬರು ಅದೇ ಪದ್ಯಕ್ಕೆ ಸಾಯೋ ಹೊತ್ತಲ್ಲಿ ದೇವರು ಸಿಕ್ಕಿದ ಭಕ್ತನಾಗಿ ಮಾತಾಡ್ತಾರೆ, ಎರಡಕ್ಕೂ ಪದ್ಯದಲ್ಲಿ ಜಾಗ ಉಂಟು.

ಕಾರಣ ಹಳಬರೇ ಹೇಳಿದ್ದಾರೆ. 11ನೇ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ತನ್ನ ಕಾವ್ಯಪ್ರಕಾಶ ಗ್ರಂಥದಲ್ಲಿ 'ಸೂರ್ಯ ಮುಳುಗಿದ' ಅನ್ನೋ ಒಂದು ವಾಕ್ಯ ತಗೊಳ್ತಾನೆ. ಒಬ್ಬನಿಗೆ ಅದು ಶತ್ರು ಮೇಲೆ ಬೀಳೋ ಹೊತ್ತು, ಒಬ್ಬನಿಗೆ ದನ ಹಟ್ಟಿಗೆ ಹೊಡೆಯೋ ಹೊತ್ತು, ವ್ಯಾಪಾರಿಗೆ ಸಾಮಾನು ಒಳಗಿಡೋ ಹೊತ್ತು, ನಲ್ಲನಿಗೆ ಕಾಯ್ತಿರೋಳಿಗೆ 'ಇನ್ನೂ ಬರ್ಲಿಲ್ವಲ್ಲ' ಅಂತ. ವಾಚ್ಯಾರ್ಥ, ಅಂದ್ರೆ ಶಬ್ದದ ನೇರ ಅರ್ಥ, ಎಲ್ರಿಗೂ ಒಂದೇ; ಧ್ವನಿ, ಅಂದ್ರೆ ಅದರಿಂದ ಹೊಳೆಯೋ ಅರ್ಥ, ಮಾತ್ರ ಯಾರು ಯಾರಿಗೆ ಯಾವಾಗ ಹೇಳಿದ್ರು ಅನ್ನೋದ್ರ ಮೇಲೆ.

ಹಾಗಂತ ಬಾಯಿಗೆ ಬಂದದ್ದೆಲ್ಲ ಅರ್ಥ ಅಲ್ಲ, ಪದ್ಯ ಬಿಟ್ಟು ಪಾರ್ಟಿ ಭಾಷಣ ಶುರು ಮಾಡಿದ್ರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡ್ತಾರೆ.