ಮೇಷ್ಟ್ರನ್ನು ಕೇಳಿ: ಇಬ್ಬರೇ ಇರುವ ಪಕ್ಷಕ್ಕೆ ಸಮಿತಿಯಲ್ಲಿ ಕುರ್ಚಿ ಸಿಗುತ್ತಾ?

ಪ್ರಶ್ನೆ: ನಮ್ಮದು ಕೋಲಾರ ಕ್ಷೇತ್ರ, ಎಂಪಿ ಜೆಡಿಎಸ್‌ನವರು. 2024ರಲ್ಲಿ ಆ ಪಕ್ಷ ಲೋಕಸಭೆಗೆ ಗೆದ್ದದ್ದು ಎರಡೇ ಸೀಟು. ಇಷ್ಟು ಸಣ್ಣ ಪಕ್ಷಕ್ಕೆ ಪಾರ್ಲಿಮೆಂಟಿನ ಸಮಿತಿಗಳಲ್ಲಿ ಜಾಗ ಸಿಗುತ್ತಾ? ಸಿಕ್ಕರೆ ಯಾವ ಲೆಕ್ಕದಲ್ಲಿ?
ಓದುಗರೊಬ್ಬರು, ಚಿಂತಾಮಣಿ

ಉತ್ತರ: ನೀವು ಎರಡು ಅಂತ ಬರೆದಿದ್ದೀರಿ. ಸಮಿತಿಯ ಲೆಕ್ಕಕ್ಕೆ ಅದು ಒಂದೇ. ಮಂಡ್ಯದಲ್ಲಿ ಗೆದ್ದ ಕುಮಾರಸ್ವಾಮಿಯವರು ಕೇಂದ್ರದಲ್ಲಿ ಮಂತ್ರಿಯಾದರು. ಇಲಾಖೆಗಳನ್ನು ವಿಚಾರಿಸುವ ಸಮಿತಿಯಲ್ಲಿ ಮಂತ್ರಿಗಳು ಕೂರುವ ಹಾಗಿಲ್ಲ. ತಮ್ಮ ಉತ್ತರ ಪತ್ರಿಕೆಯನ್ನು ತಾವೇ ತಿದ್ದಿದ ಹಾಗಾಗುತ್ತದೆ, ಅಲ್ವಾ? ಹಾಗಾಗಿ ಲೋಕಸಭೆ ಕಡೆಯಿಂದ ಉಳಿದವರು ನಿಮ್ಮ ಎಂಪಿ ಒಬ್ಬರೇ.

ಒಬ್ಬರೇ ಇದ್ದರೂ ಕುರ್ಚಿ ಸಿಗುತ್ತದೆ. ಇಲಾಖೆಗಳಿಗೆ ಸಂಬಂಧಪಟ್ಟ ಸ್ಥಾಯಿ ಸಮಿತಿಗಳು 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ 31 ಜನ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಗುಣಿಸಿದರೆ 744 ಕುರ್ಚಿ. ಎರಡೂ ಸದನ ಸೇರಿದರೆ 788 ಸ್ಥಾನ. ಅದರಲ್ಲಿ ಸುಮಾರು 70 ಜನ ಮಂತ್ರಿಗಳು ಅಂತ ಕಳೆದುಬಿಡಿ. ಕೂರುವವರಿಗಿಂತ ಕುರ್ಚಿಯೇ ಜಾಸ್ತಿ! ಪಕ್ಷಗಳು ತಮ್ಮ ಬಲಕ್ಕೆ ತಕ್ಕಂತೆ ಹೆಸರು ಕೊಡುತ್ತವೆ, ಸ್ಪೀಕರ್ ಮತ್ತು ರಾಜ್ಯಸಭೆಯ ಸಭಾಪತಿ ನೇಮಕ ಮಾಡುತ್ತಾರೆ. ದೊಡ್ಡ ಪಕ್ಷದವರು ಹಣಕಾಸಿಗೊಬ್ಬರು, ಗೃಹಕ್ಕೊಬ್ಬರು, ರಕ್ಷಣೆಗೊಬ್ಬರು ಅಂತ ಹಂಚಿಕೊಳ್ಳುತ್ತಾರೆ. ಒಂಟಿ ಎಂಪಿಗೆ ಒಂದೇ ಕೋಣೆ. ಪಕ್ಕದ ಕೋಣೆಯಲ್ಲಿ ಏನು ನಡೆಯಿತು ಅನ್ನುವುದು ಅವರಿಗೂ ವರದಿ ಹೊರಬಂದ ಮೇಲೆಯೇ ಗೊತ್ತಾಗೋದು. ಸಣ್ಣ ಪಕ್ಷಕ್ಕೆ ನಿಜವಾದ ಕಷ್ಟ ಇರುವುದು ಇಲ್ಲಿ.

ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕಥೆಯೇ ಬೇರೆ. ಅಲ್ಲಿ ನೇಮಕ ಇಲ್ಲ, ಪ್ರತಿವರ್ಷ ಚುನಾವಣೆ. ಲೋಕಸಭೆಯ ಪಾಲು 15, ರಾಜ್ಯಸಭೆಯದು 7. ಮತ ಹಾಕುವವರು ಒಬ್ಬರ ಹೆಸರಿನ ಮುಂದೆ 1, ಇನ್ನೊಬ್ಬರ ಮುಂದೆ 2, ಹೀಗೆ ಅಂಕಿ ಬರೆಯಬೇಕು. ನಮ್ಮ ವಿಧಾನ ಪರಿಷತ್ ಚುನಾವಣೆಯಲ್ಲಿ ಬರೆಯುವಂತೆಯೇ.

ಪಿಯು ಕಾಲೇಜಿನಲ್ಲಿ ಈ ಪಾಠ ಮಾಡುವಾಗ ಒಮ್ಮೆ ನಾನು ಬೋರ್ಡಿನ ಮೇಲೆ 543ನ್ನು 15ರಿಂದ ಭಾಗಿಸಿ, ಗೆಲ್ಲೋಕೆ 36 ಮತ ಬೇಕು ಅಂತ ಬರೆದೆ. ಕೊನೆ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, 34 ಸಾಕಲ್ವಾ?’ ಅಂದಳು. ಹೇಗಮ್ಮಾ ಅಂದೆ. ‘ಹದಿನೈದು ಜನಕ್ಕೆ 34ರ ಹಾಗೆ ಕೊಟ್ರೆ 510 ಖರ್ಚಾಗುತ್ತೆ. ಉಳಿಯೋದು 33. ಹದಿನಾರನೆಯವರು ಎಲ್ಲಾ ಗುಡಿಸಿಕೊಂಡ್ರೂ 34 ಮುಟ್ಟಲ್ಲ ಸಾರ್.’ ನಾನು ಡಸ್ಟರ್ ತಗೊಂಡು 36 ಒರೆಸಿದೆ. 15ರಿಂದಲ್ಲ, 16ರಿಂದ ಭಾಗಿಸಿ ಮುಂದಿನ ಪೂರ್ಣ ಸಂಖ್ಯೆ ಹಿಡಿಯಬೇಕು. ಪುಸ್ತಕದಲ್ಲೂ ಹಾಗೇ ಇತ್ತು. ನಾನೇ ಸರಿಯಾಗಿ ನೋಡಿರಲಿಲ್ಲ.

ಸಣ್ಣವರ ಆಟ ಇರುವುದೇ ಈ 34ರಲ್ಲಿ. ಐದು ಜನ, ಎಂಟು ಜನ, ಹನ್ನೊಂದು ಜನ ಇರುವ ಇಂಥ ಹಲವು ಪಕ್ಷಗಳು ಮಾತಾಡಿಕೊಂಡು, ಒಟ್ಟು 34 ಜನ ಒಬ್ಬರ ಮುಂದೆಯೇ 1 ಅಂತ ಬರೆದರೆ ಅವರು ಗೆದ್ದ ಹಾಗೆ. ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಎಷ್ಟು ಸ್ಥಾನವೋ ಅಷ್ಟೇ ನಾಮಪತ್ರ, ಅವಿರೋಧ ಆಯ್ಕೆ. 2018ರ ಆಗಸ್ಟ್‌ನಲ್ಲಿ ಮಾತ್ರ ರಾಜ್ಯಸಭೆಯ ಎರಡು ಸ್ಥಾನಕ್ಕೆ ಮತದಾನವೇ ನಡೆಯಿತು. ತೆಲುಗುದೇಶಂಗೆ ಆಗ ಅಲ್ಲಿ ಇದ್ದದ್ದು ಆರೇ ಜನ. ಅದರ ಸಿ.ಎಂ. ರಮೇಶ್ ಅವರಿಗೆ ಬಿದ್ದ ಮತ 106! ವಿರೋಧ ಪಕ್ಷಗಳೆಲ್ಲ ಅವರ ಹಿಂದೆ ನಿಂತಿದ್ದವು. ಬಿಜೆಪಿಯ ಭೂಪೇಂದರ್ ಯಾದವ್ 69 ಪಡೆದು ಗೆದ್ದರು, ಜೆಡಿಯು ಅಭ್ಯರ್ಥಿ ಸೋತರು.

ಅಧ್ಯಕ್ಷರ ಕುರ್ಚಿಗೆ ಬಂದರೆ ಈ ಗಣಿತ ಅಷ್ಟಾಗಿ ನಡೆಯುವುದಿಲ್ಲ. 2024ರಲ್ಲಿ ಸ್ಥಾಯಿ ಸಮಿತಿಗಳನ್ನು ಹಂಚಿದಾಗ, ಲೋಕಸಭೆಯಲ್ಲಿ 37 ಸ್ಥಾನ ಗೆದ್ದ ಸಮಾಜವಾದಿ ಪಕ್ಷಕ್ಕೆ ಸಿಕ್ಕಿದ್ದು ಒಂದು ಅಧ್ಯಕ್ಷ ಸ್ಥಾನ. ಅಜಿತ್ ಪವಾರ್ ಅವರ ಎನ್‌ಸಿಪಿಯಿಂದ ಲೋಕಸಭೆಗೆ ಗೆದ್ದವರು ಸುನಿಲ್ ತಟ್ಕರೆ ಒಬ್ಬರೇ. ಅವರು ಪೆಟ್ರೋಲಿಯಂ ಸಮಿತಿಯ ಅಧ್ಯಕ್ಷರಾದರು. ಅಲ್ಲೂ ಒಂದು, ಇಲ್ಲೂ ಒಂದು. ಆಳುವ ಮೈತ್ರಿಯಲ್ಲಿ ಇದ್ದರೆ ಹೀಗೆ. ಜೆಡಿಎಸ್ ಕೂಡ ಅದೇ ಪಂಕ್ತಿಯಲ್ಲಿದೆ, ಆದರೆ ಅದಕ್ಕೆ ಮಂತ್ರಿಗಿರಿ ಬಡಿಸಿಯಾಗಿತ್ತು.

ಪ್ರಶ್ನೆ: ಜಂಟಿ ಸದನ ಸಮಿತಿಗೂ ಇದೇ ಲೆಕ್ಕವೇ?
ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಅದು ಒಂದು ಮಸೂದೆಯನ್ನೋ ವಿಷಯವನ್ನೋ ನೋಡಲು ಎರಡೂ ಸದನದವರನ್ನು ಸೇರಿಸಿ, ಸದನದಲ್ಲಿ ನಿರ್ಣಯ ಮಂಡಿಸಿ ಮಾಡುವ ಸಮಿತಿ. ಎಷ್ಟು ಜನ ಅನ್ನುವುದೂ ಆ ನಿರ್ಣಯದಲ್ಲೇ ಇರುತ್ತದೆ. ಅಂದರೆ ಗಲಾಟೆ ಮಾಡಿದರೆ ಬೆಂಚು ಉದ್ದವಾಗುತ್ತದೆ. ‘ಒಂದು ದೇಶ, ಒಂದು ಚುನಾವಣೆ’ ಮಸೂದೆಗೆ 2024ರ ಡಿಸೆಂಬರ್‌ನಲ್ಲಿ ಮೊದಲು ಹೇಳಿದ್ದು 31 ಜನರ ಸಮಿತಿ. ತಮಗೆ ಜಾಗವಿಲ್ಲ ಅಂತ ಕೆಲವು ಪಕ್ಷಗಳು ತಕರಾರು ಎತ್ತಿದವು. ಸಮಿತಿ 39ಕ್ಕೆ ಏರಿತು. ಶಿವಸೇನೆಯ ಉದ್ಧವ್ ಬಣ, ಸಿಪಿಎಂ, ಚಿರಾಗ್ ಪಾಸ್ವಾನ್ ಅವರ ಎಲ್‌ಜೆಪಿ ಒಳಗೆ ಬಂದವು.

ವಕ್ಫ್ ಮಸೂದೆಯ ಜಂಟಿ ಸಮಿತಿಯಲ್ಲಂತೂ ಲೋಕಸಭೆಯಲ್ಲಿ ಒಬ್ಬರೇ ಇರುವ ಪಕ್ಷದ ಓವೈಸಿ ಇದ್ದರು. ಅದೇ ಸಮಿತಿಯಲ್ಲಿ ಯಾವ ಪಕ್ಷದಿಂದಲೂ ಗೆದ್ದು ಬರದ ನಾಮಕರಣ ಸದಸ್ಯರು, ನಮ್ಮ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೂ ಇದ್ದರು. ಓವೈಸಿ ಸಲ್ಲಿಸಿದ ಭಿನ್ನಮತದ ಟಿಪ್ಪಣಿ 200 ಪುಟ ದಾಟಿತ್ತು. ಅವರು ಹೇಳಿದ್ದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಮತಕ್ಕೆ ಹಾಕಿದರೆ ಒಂಟಿ ಸದಸ್ಯ ಸೋಲೋದು ಗ್ಯಾರಂಟಿ. ಬರೆದುಕೊಟ್ಟದ್ದು ವರದಿಯ ಜೊತೆ ಸದನಕ್ಕೆ ಹೋಗುತ್ತದೆ.

ಪ್ರಶ್ನೆ: ಈ ಸಭೆಗಳನ್ನು ಟೀವಿಯಲ್ಲಿ ಯಾಕೆ ತೋರಿಸಲ್ಲ?
ಓದುಗರೊಬ್ಬರು, ಬಳ್ಳಾರಿ

ಉತ್ತರ: ಸಮಿತಿಯ ಸಭೆ ಬಾಗಿಲು ಮುಚ್ಚಿಕೊಂಡೇ ನಡೆಯಬೇಕು ಅಂತ ನಿಯಮ. ಕ್ಯಾಮೆರಾ ಇಲ್ಲದಿದ್ದರೆ ಪಕ್ಷಭೇದ ಮರೆತು ಕೆಲಸ ಮಾಡ್ತಾರೆ ಅಂತ ಒಂದು ನಂಬಿಕೆ. ನನಗೆ ಆ ನಂಬಿಕೆ ಅರ್ಧ ಇದೆ.