ಪಿರಮಿಡ್ಡಿಗೆ ಬೆಣ್ಣೆ, ಅಜ್ಜನ ಭಟ್ಟಿಗೆ ಸುಣ್ಣ

ಪ್ರಿಯರೇ,

ತುಂಗಭದ್ರೆಯ ದಂಡೆಯಲ್ಲಿರುವ ನಿಮ್ಮೂರಿನ ಸುಣ್ಣದ ಭಟ್ಟಿಗಳ ಬಗ್ಗೆ ಹಾವೇರಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಹನ್ನೆರಡು ಪುಟಗಳಲ್ಲಿ ಐದು ಈಜಿಪ್ಟಿನಲ್ಲೇ ಕಳೆದುಹೋಗಿವೆ. (ಪಿರಮಿಡ್ಡಿನ ಗಾರೆ ಬಹುಪಾಲು ಜಿಪ್ಸಮ್‌ನದು, ಸುಣ್ಣದ್ದಲ್ಲ.) ನಿಮ್ಮ ಅಜ್ಜ ಭಟ್ಟಿ ಹಾಕುತ್ತಿದ್ದರು ಎಂದು ಗೊತ್ತಾಗುವುದು ಒಂಬತ್ತನೇ ಪುಟದಲ್ಲಿ, ಅದೂ ಎರಡೇ ಸಾಲು.

ಆ ಎರಡು ಸಾಲಿಗಾಗಿಯೇ ಈ ಪತ್ರ. ಬೆಂದ ಕಲ್ಲನ್ನು ಅಜ್ಜ ಅಂಗೈಯಲ್ಲಿ ತೂಗಿ ನೋಡಿ, ಭಾರವೆನಿಸಿದ್ದನ್ನು ಮತ್ತೆ ಭಟ್ಟಿಗೆ ಎಸೆಯುತ್ತಿದ್ದರು ಎಂದಿದ್ದೀರಿ. ಅದರ ಕೆಳಗೇ ‘ಬೆಂಕಿಗೆ ಕಲ್ಲು ಕರಗಿ ಸುಣ್ಣವಾಗುತ್ತದೆ’ ಎಂಬ ವಾಕ್ಯ! ಕರಗುವುದಿಲ್ಲ, ಮಹರಾಯರೇ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಣ್ಣಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಕಲ್ಲು ಕಲ್ಲಿನಂತೆಯೇ ಕಾಣುತ್ತದೆ, ತೂಕ ಮಾತ್ರ ಇಳಿದಿರುತ್ತದೆ: ಅಪ್ಪಟ ಕಲ್ಲು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ. ಭಾರವಿದ್ದರೆ ಒಡಲು ಇನ್ನೂ ಹಸಿ ಎಂದರ್ಥ. ಅಜ್ಜನ ಅಂಗೈಗೆ ತಿಳಿದಿದ್ದು ನಿಮ್ಮ ವಾಕ್ಯಕ್ಕೆ ತಿಳಿದಿಲ್ಲ.

ಇನ್ನು ತುಂಗಭದ್ರೆ. ನಿಮ್ಮ ಲೇಖನದಲ್ಲಿ ಅವಳು ಬೆಳದಿಂಗಳಲ್ಲಿ ಹೊಳೆಯುವುದು ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ. ಭಟ್ಟಿ ದಂಡೆಯಲ್ಲೇ ಏಕಿತ್ತು? ಸುಡುತ್ತಿದ್ದದ್ದು ಹೊಳೆಯ ಚಿಪ್ಪನ್ನೋ, ಎರೆಹೊಲದಲ್ಲಿ ಆಯ್ದ ಸುಣ್ಣದ ಹರಳನ್ನೋ? ಕಟ್ಟಿಗೆ ಎಲ್ಲಿಂದ ಬರುತ್ತಿತ್ತು? ಸುಟ್ಟ ಸುಣ್ಣವನ್ನು ಅರಳಿಸಲು, ಅಂದರೆ ನೀರು ಕುಡಿಸಿ ಪುಡಿಯಾಗಿಸಲು, ಹೊಳೆಯ ನೀರು ಬೇಕೇ ಬೇಕು; ನೀರು ಬಿದ್ದೊಡನೆ ಅದು ಕೆಂಡದಂತೆ ಕಾಯುತ್ತದೆ. ಆದರೆ ಅರಳಿಸದ ಸುಣ್ಣ ಹೇರಿದ ಚಕ್ಕಡಿ ಮಳೆಗೆ ಸಿಕ್ಕರೆ ಅಡಿಗೆ ಹಾಸಿದ ಹುಲ್ಲು ಹೊತ್ತಿಕೊಳ್ಳಬಹುದು. ಅಂಥ ಸರಕನ್ನು ಮುಂಗಾರಿನಲ್ಲಿ ಹೇಗೆ ಸಾಗಿಸುತ್ತಿದ್ದರು? ಸವಣೂರಿನ ಎಲೆಗೆ ಹಚ್ಚುವ ಸುಣ್ಣವನ್ನು ಗಾರೆಯ ಸುಣ್ಣದಿಂದ ಬೇರೆ ತೆಗೆದಿಡುತ್ತಿದ್ದರೇ?

ಗಳಗನಾಥದ ಗಳಗೇಶ್ವರ ಗುಡಿಯನ್ನು ‘ನಮ್ಮ ಗಾರೆಯ ಸಾಕ್ಷಿ’ ಎಂದಿರುವುದನ್ನು ಹೊಡೆದುಹಾಕಿದ್ದೇನೆ. ಕಲ್ಯಾಣ ಚಾಲುಕ್ಯರ ಕಾಲದ ಆ ಬಗೆಯ ಗುಡಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಗಾರೆಯಿಲ್ಲದೆಯೇ ಕೂತಿದೆ. ನಿಮಗೆ ಬೇಕಾದದ್ದು ಊರಿನ ವಾಡೆಯ ಗೋಡೆ, ಹಳೆಯ ಬಾವಿಯ ಕಟ್ಟೆ. ಗಾರೆ ಅರೆಯಲು ಎತ್ತುಗಳು ಸುತ್ತುತ್ತಿದ್ದ ಗಾಣದ ಗುಂಡಗಿನ ಕಾಲುವೆ ಎಲ್ಲಾದರೂ ಉಳಿದಿದ್ದರೆ ಅಳತೆ ತೆಗೆದುಕೊಳ್ಳಿ.

ಅಜ್ಜ ಈಗಿಲ್ಲ, ಅಜ್ಜಿ ಇದ್ದಾರೆ ಎಂದು ಬರೆದಿದ್ದೀರಿ. ಲೇಖನದಲ್ಲಿ ಅವರ ಸುಳಿವೇ ಇಲ್ಲ. ಈ ಪ್ರಶ್ನೆಗಳನ್ನೆಲ್ಲ ಅವರ ಮುಂದಿಡಿ. ಜೊತೆಗೆ, ಸುಣ್ಣ ಅರಳಿಸುವಾಗ ಸಿಡಿದು ಕೈ ಸುಟ್ಟರೆ ಏನು ಹಚ್ಚಿಕೊಳ್ಳುತ್ತಿದ್ದಿರಿ ಎಂದೂ ಕೇಳಿ. ಐದು ಪುಟ ಸಾಕು.